ಅಪ್‌ಡೇಟ್: ಇನ್ವರ್ಟರ್ ಏಸಿ ಕರೆಂಟ್ ಉಳಿಸ್ತಿಲ್ಲ ಅಂದಿದ್ದೆ, ಕಾರಣ ಸಿಕ್ತು

ತುಮಕೂರಲ್ಲಿ ಮೇಲ್ಮಹಡಿ ರೂಮಿಗೆ ಹಾಕ್ಸಿರೋ 1.5 ಟನ್ ಇನ್ವರ್ಟರ್ ಏಸಿ (ರೂಮು ತಣಿದ್ಮೇಲೆ ಕಂಪ್ರೆಸರ್ ವೇಗ ತಗ್ಗಿಸಿ ಕರೆಂಟ್ ಉಳಿಸೋ ಥರದ್ದು) ಹಳೇ ಮಾಮೂಲಿ ಏಸಿಯಷ್ಟೇ ಯೂನಿಟ್ ತಿಂತಿದೆ ಅಂತ ಕೇಳಿದ್ದೆ. ಬಗೆಹರೀತು.

ಕರೆಂಟ್ ಮೀಟರ್‌ನಲ್ಲಿ ಮಿಣುಕೋ ಎಲ್‌ಇಡಿ ದೀಪ ನೋಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಮೀಟರ್ ಮೇಲೆ ಯೂನಿಟ್ಟಿಗೆ 3200 ಮಿಣುಕು ಅಂತಿದ್ರೆ, ಎರಡು ಮಿಣುಕಿನ ನಡುವಿನ ಸೆಕೆಂಡಿನಿಂದ 1125ನ್ನ ಭಾಗಿಸಿ, ವ್ಯಾಟ್ ಸಿಗುತ್ತೆ. ಫ್ರಿಜ್ಜೂ ಸೇರಿ ಮಿಕ್ಕಿದ್ದೆಲ್ಲ ಆಫ್ ಇರ್ಬೇಕು. 18 ಡಿಗ್ರಿಲಿ ಮುಕ್ಕಾಲು ಸೆಕೆಂಡಿಗೊಂದು, ಅಂದ್ರೆ 1500 ವ್ಯಾಟ್, ಇಳೀಲೇ ಇಲ್ಲ. ಬಿಸಿಲಿಗೆ ಕಾದ ತಾರಸಿ ಕೆಳಗಿನ ರೂಮು 18 ಮುಟ್ಟೋದೇ ಇಲ್ಲ, ಮುಟ್ಟದೆ ಕಂಪ್ರೆಸರ್ ವೇಗ ತಗ್ಗಲ್ಲ. 26ಕ್ಕಿಟ್ಟು, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿ, ಫ್ಯಾನ್ ಹಾಕಿದ್ಮೇಲೆ ಮೂರು ಸೆಕೆಂಡಿಗೊಂದು. ಫ್ಯಾನೂ ಸೇರಿ 375 ವ್ಯಾಟ್!

ಫಿಲ್ಟರ್ ತೊಳೆದದ್ದರಿಂದ ಹೇಳ್ಕೊಳ್ಳೋ ವ್ಯತ್ಯಾಸ ಬರ್ಲಿಲ್ಲ. ಗ್ಯಾಸ್ ಟಾಪ್‌ಅಪ್ ಸಲಹೆ ಬಿಟ್ಟೆ. ಇನ್ವರ್ಟರ್‌ನಲ್ಲಿ ಕಂಪ್ರೆಸರ್ ವೇಗದ ಜೊತೆ ಪ್ರೆಶರ್ರೂ ಬದಲಾಗೋದ್ರಿಂದ ಬರೀ ಪ್ರೆಶರ್ ಗೇಜ್ ನೋಡಿ ತುಂಬಿದ್ರೆ ಗ್ಯಾಸ್ ಹೆಚ್ಚಾಗಬಹುದು. ಗ್ಯಾಸ್ ಕಡಿಮೆಯಾಗಿದ್ರೆ ಪೂರ್ತಿ ತೆಗೆದು, ಏಸಿಯ ಪ್ಲೇಟ್ ಮೇಲೆ ಬರೆದಿರೋ ತೂಕದಷ್ಟೇ ಹಾಕ್ಬೇಕಂತೆ.

ಇನ್ನೊಂದು: ಅರ್ಧರ್ಧ ಗಂಟೆ ಹಾಕಿ ಆರಿಸೋರಿಗೆ ಇನ್ವರ್ಟರ್‌ನಿಂದ ಅಷ್ಟೇನೂ ಲಾಭವಿಲ್ಲ, ರೂಮು ತಣಿಯೋವರೆಗೆ ಅದೂ ಜೋರಾಗೇ ಓಡುತ್ತೆ. ಉಳಿತಾಯ ಇರೋದು ರಾತ್ರಿಯಿಡೀ ಓಡ್ಸೋರಿಗೆ.