ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಬಾಡಿಗೆ ಏರಿಕೆ, ಮನೆ ಖಾಲಿ ಮಾಡಿ ಎಂಬ ನೋಟಿಸ್: ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಸರ್, ಸ್ಯಾನ್ ಹೋಸೆಯಲ್ಲಿ 1974ರಲ್ಲಿ ಕಟ್ಟಿದ 12 ಮನೆಗಳ ಅಪಾರ್ಟ್‌ಮೆಂಟಿನಲ್ಲಿ ಮೂರು ವರ್ಷದಿಂದ ಇದ್ದೇವೆ. ಬಾಡಿಗೆ 2,400 ಡಾಲರ್. ಮುಂದಿನ ತಿಂಗಳಿಂದ 2,760 ಕೊಡಿ, ಇಲ್ಲದಿದ್ದರೆ 60 ದಿನದಲ್ಲಿ ಖಾಲಿ ಮಾಡಿ ಅಂತ ಇಮೇಲ್ ಬಂದಿದೆ. ಮಕ್ಕಳ ಶಾಲೆ ಇಲ್ಲೇ. ದಾರಿ ಏನಾದರೂ ಇದೆಯೇ?

ಉತ್ತರ: ಖಂಡಿತ ಇದೆ. ಗಾಬರಿಯಿಂದ ಬೇರೆ ಮನೆ ಹುಡುಕಲು ಹೊರಡಬೇಡಿ. ಕಟ್ಟಡ ಯಾವ ವರ್ಷದ್ದು, ಅದರಲ್ಲಿ ಎಷ್ಟು ಮನೆಗಳಿವೆ, ಇವೆರಡು ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆ. ಮೂರು ಅಥವಾ ಹೆಚ್ಚು ಮನೆಗಳಿರುವ, 1979ರ ಸೆಪ್ಟೆಂಬರ್ 7ಕ್ಕೂ ಮೊದಲಿನ ಅಪಾರ್ಟ್‌ಮೆಂಟುಗಳಿಗೆ ಸ್ಯಾನ್ ಹೋಸೆ ನಗರದ್ದೇ ಬಾಡಿಗೆ ಮಿತಿ ಇದೆ: 12 ತಿಂಗಳಿಗೆ ಒಂದೇ ಸಲ, ಶೇ. 5. ನಿಮ್ಮ ಲೆಕ್ಕದಲ್ಲಿ ಅದು 120 ಡಾಲರ್, ಒಟ್ಟು 2,520. ಅವರು ಕೇಳಿರುವುದು ಶೇ. 15.

ಆ ಇಮೇಲಿನಲ್ಲಿ ಇನ್ನೂ ತಪ್ಪುಗಳಿವೆ. ಬಾಡಿಗೆ ಏರಿಕೆಯ ನೋಟಿಸ್ ಕೈಗೆ ಕೊಡಬೇಕು ಅಥವಾ ಅಂಚೆಯಲ್ಲಿ ಕಳಿಸಬೇಕು. ಶೇ. 10ರವರೆಗಿನ ಏರಿಕೆಗೆ 30 ದಿನ, ಅದಕ್ಕಿಂತ ಹೆಚ್ಚಾದರೆ 90 ದಿನ ಮುಂಚೆ. ಇನ್ನು ಖಾಲಿ ಮಾಡಿಸುವುದಕ್ಕೆ ಸ್ಯಾನ್ ಹೋಸೆಯ 2017ರ ಬಾಡಿಗೆದಾರರ ರಕ್ಷಣಾ ನಿಯಮ ಹೇಳುವ ಕಾರಣಗಳಲ್ಲೊಂದು ಇರಲೇಬೇಕು. ಕಾನೂನು ಮೀರಿದ ಏರಿಕೆಗೆ ಒಪ್ಪಲಿಲ್ಲ ಎನ್ನುವುದು ಆ ಪಟ್ಟಿಯಲ್ಲಿಲ್ಲ.

ಜನ ಎಡವುವುದು ಎರಡು ಕಡೆ. ಸುಮ್ಮನೆ 2,760 ಕಟ್ಟಿಬಿಡುತ್ತಾರೆ, ಇಲ್ಲವೇ ಜಗಳವೆಂದು ಬಾಡಿಗೆಯನ್ನೇ ನಿಲ್ಲಿಸುತ್ತಾರೆ. ಎರಡನೆಯದು ಬಹಳ ಅಪಾಯ: ಬಾಕಿ ಬಿದ್ದರೆ ಮಾಲೀಕರಿಗೆ ನ್ಯಾಯವಾದ ಕಾರಣವೇ ಸಿಕ್ಕಂತೆ. ಒಂದನೇ ತಾರೀಖು 2,520ಕ್ಕೆ ಚೆಕ್ ಕೊಡಿ, ಫೋಟೋ ಇಟ್ಟುಕೊಳ್ಳಿ. ಜೊತೆಗೆ ಎರಡೇ ಸಾಲು ಬರೆಯಿರಿ: "ನಗರದ ಮಿತಿಯ ಪ್ರಕಾರ ಇಷ್ಟು ಕೊಟ್ಟಿದ್ದೇನೆ, ಹೆಚ್ಚುವರಿ ಮೊತ್ತಕ್ಕೆ ನನ್ನ ಒಪ್ಪಿಗೆ ಇಲ್ಲ." ಅದೇ ವಾರ ನಗರದ ವಸತಿ ಇಲಾಖೆಯ ಬಾಡಿಗೆ ವಿಭಾಗಕ್ಕೆ ಫೋನ್ ಮಾಡಿ, ನಿಮ್ಮ ವಿಳಾಸ ಈ ನಿಯಮದಡಿ ಬರುತ್ತದೆ ಎಂದು ಖಚಿತಪಡಿಸಿಕೊಂಡು ಅರ್ಜಿ ಹಾಕಿ.

ಪ್ರಶ್ನೆ: ನಮ್ಮದು ಫ್ರೀಮಾಂಟ್, ಕಾಂಡೊ (ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಮಾಲೀಕರಿರುವ ಫ್ಲ್ಯಾಟು). ಮಾಲೀಕರೂ ಕನ್ನಡದವರೇ. ಶೇ. 18 ಏರಿಸಿದ್ದಾರೆ. ಕಾಂಡೊಗೆ ಯಾವ ಮಿತಿಯೂ ಇಲ್ಲವಂತೆ, ಹೌದೇ?

ಉತ್ತರ: ಪೂರ್ತಿ ಹೌದು ಅನ್ನಲಾಗದು ಮೇಡಂ. 1995ರ ಕಾಸ್ಟಾ-ಹಾಕಿನ್ಸ್ ಕಾಯ್ದೆಯಿಂದಾಗಿ ಕಾಂಡೊ ಮತ್ತು ಒಂಟಿ ಮನೆಗಳ ಬಾಡಿಗೆಗೆ ನಗರಗಳು ಮಿತಿ ಹಾಕುವಂತಿಲ್ಲ, ಅದು ನಿಜ. ಆದರೆ 2020ರ ಜನವರಿಯಿಂದ ಬಾಡಿಗೆದಾರರ ರಕ್ಷಣೆಗಾಗಿ ರಾಜ್ಯ ತಂದ ಎಬಿ 1482 ಎಂಬ ಕಾಯ್ದೆ ಜಾರಿಯಲ್ಲಿದೆ. ಅದರ ಮಿತಿ ಶೇ. 5ಕ್ಕೆ ಸ್ಥಳೀಯ ಹಣದುಬ್ಬರ ಸೇರಿಸಿದಷ್ಟು, ಏನೇ ಆದರೂ ಶೇ. 10 ದಾಟದು. ಕಾಂಡೊಗೆ ಇದರಿಂದ ವಿನಾಯಿತಿ ಸಿಗಲು ಎರಡು ಷರತ್ತು. ಮಾಲೀಕತ್ವ ಕಾರ್ಪೊರೇಟ್ ಕಂಪನಿಯ ಹೆಸರಿನಲ್ಲಿರಬಾರದು. ಮತ್ತು ಈ ಮನೆಗೆ ಕಾಯ್ದೆ ಅನ್ವಯಿಸದು ಎಂಬ ನಿಗದಿತ ಒಕ್ಕಣೆಯನ್ನು ಬರಹದಲ್ಲಿ ಕೊಟ್ಟಿರಬೇಕು. ಲೀಸ್ (ಬಾಡಿಗೆ ಕರಾರು ಪತ್ರ) ತೆಗೆದು ಅನುಬಂಧದ ಹಾಳೆಗಳನ್ನೂ ಸೇರಿಸಿ ಪುಟ ಪುಟ ನೋಡಿ. ಆ ಒಕ್ಕಣೆ ಎಲ್ಲೂ ಇಲ್ಲದಿದ್ದರೆ ಶೇ. 18 ನಿಲ್ಲುವುದಿಲ್ಲ. ಕಟ್ಟಡಕ್ಕೆ 15 ವರ್ಷ ತುಂಬಿಲ್ಲದಿದ್ದರೆ ಮಾತು ಬೇರೆ, ಆಗ ಈ ಮಿತಿ ಇಲ್ಲ.

ಒಕ್ಕಣೆ ಇದ್ದರೂ 90 ದಿನದ ನೋಟಿಸ್ ಬೇಕೇ ಬೇಕು. ಫ್ರೀಮಾಂಟಿನಲ್ಲಿ ಶೇ. 5 ಮೀರಿದ ಏರಿಕೆಯ ಮರುಪರಿಶೀಲನೆಗೆ ನಗರವನ್ನು ಕೇಳಬಹುದು, ತಡಮಾಡದೆ ಕೇಳಿ. ಅಲ್ಲಿನ ತೀರ್ಮಾನ ಮಾಲೀಕರನ್ನು ಕಟ್ಟಿಹಾಕದು, ಆದರೂ ಎದುರುಬದುರು ಕೂತು ಮಾತಾಡಿದರೆ ಎಷ್ಟೋ ಕಡೆ ಮೊತ್ತ ಇಳಿಯುತ್ತದೆ. ನಮ್ಮವರೇ ಎಂಬ ದಾಕ್ಷಿಣ್ಯಕ್ಕೆ ಎಲ್ಲವನ್ನೂ ಬಾಯಿಮಾತಿನಲ್ಲೇ ಬಿಡಬೇಡಿ, ಒಪ್ಪಂದ ಏನಾದರೂ ಬರಹದಲ್ಲಿರಲಿ.

ಪ್ರಶ್ನೆ: ಸನಿವೇಲ್, ನಾಲ್ಕು ಮನೆಗಳ ಹಳೇ ಕಟ್ಟಡ, ಎರಡು ವರ್ಷವಾಯಿತು. ಮಾಲೀಕರ ತಮ್ಮ ಬರುತ್ತಾನಂತೆ, 60 ದಿನದ ನೋಟಿಸ್ ಕೊಟ್ಟಿದ್ದಾರೆ.

ಉತ್ತರ: ತಮ್ಮನಿಗಾಗಿ ಬಿಡಿಸುವಂತಿಲ್ಲ. 12 ತಿಂಗಳು ವಾಸವಾದ ಮೇಲೆ ಅದೇ ರಾಜ್ಯ ಕಾಯ್ದೆ, ಎಬಿ 1482, ಒಪ್ಪುವುದು ಮಾಲೀಕರು, ಅವರ ಸಂಗಾತಿ, ಮಕ್ಕಳು, ಮೊಮ್ಮಕ್ಕಳು, ತಂದೆತಾಯಿ, ಅಜ್ಜಅಜ್ಜಿಯರನ್ನು ಮಾತ್ರ. ನಿಮ್ಮ ಲೀಸಿನಲ್ಲೂ ಅದಕ್ಕೆ ಅವಕಾಶ ಬರೆದಿರಬೇಕು. ನಾಳೆ ನೋಟಿಸ್ ತಿದ್ದಿ "ಮಗಳು ಬರುತ್ತಾಳೆ" ಅಂದರೆ, 2024ರ ಏಪ್ರಿಲ್ 1ರಿಂದ ಬಂದ ನಿಯಮದಂತೆ ಬರುವವರ ಹೆಸರು, ಸಂಬಂಧ ಅದರಲ್ಲಿರಬೇಕು. ನೀವು ಮನೆ ಬಿಟ್ಟ 90 ದಿನದೊಳಗೆ ಅವರು ಬರಬೇಕು, ಕನಿಷ್ಠ 12 ತಿಂಗಳು ಇರಬೇಕು. ರಾಜ್ಯ ಕಾಯ್ದೆಯಂತೆ ನಿಮಗೆ ಕನಿಷ್ಠ ಒಂದು ತಿಂಗಳ ಬಾಡಿಗೆಯಷ್ಟು ಹಣವನ್ನು ನೋಟಿಸ್ ಕೊಟ್ಟ 15 ದಿನದಲ್ಲಿ ಕೊಡಬೇಕು, ಅಥವಾ ಕೊನೆಯ ತಿಂಗಳ ಬಾಡಿಗೆ ಬಿಡಬೇಕು. ಅವರು ಬರದೇ ಹೋದರೆ ಅದೇ ಬಾಡಿಗೆಗೆ ಮನೆಯನ್ನು ನಿಮಗೆ ಮರಳಿ ಕೊಡಬೇಕು, ಸಾಮಾನು ಸಾಗಿಸಿದ ನ್ಯಾಯವಾದ ಖರ್ಚನ್ನೂ ಸೇರಿಸಿ. ಹಾಗಾಗಿ ಬಿಟ್ಟು ಬಂದ ಮೇಲೂ ಆ ಮನೆಯ ಮೇಲೆ ಒಂದು ಕಣ್ಣಿರಲಿ.

ಪ್ರಶ್ನೆ: ಎಚ್-1ಬಿ ಕೆಲಸದ ವೀಸಾ ಮೇಲಿರುವವರು ಕೋರ್ಟು ಅಂದರೇ ಹೆದರುತ್ತೇವೆ ಸರ್.

ಉತ್ತರ: ಆ ಹೆದರಿಕೆಯಿಂದಲೇ ಎಷ್ಟೋ ಮನೆಗಳು ಖಾಲಿಯಾಗುತ್ತಿವೆ, ಅದೇ ಬೇಸರ. ಬಾಡಿಗೆದಾರರ ವೀಸಾ ಸ್ಥಿತಿ ಮುಂದಿಟ್ಟು ಬೆದರಿಸುವುದು ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬಾಹಿರ. ನೋಟಿಸಿನ ಅವಧಿ ಮುಗಿದ ಮಾತ್ರಕ್ಕೆ ಯಾರೂ ನಿಮ್ಮನ್ನು ಹೊರಹಾಕುವಂತಿಲ್ಲ. ಕೋರ್ಟಿನ ತೀರ್ಪು ಬಂದ ಮೇಲೆ ಶೆರಿಫ್ (ಕೌಂಟಿಯ ಪೊಲೀಸ್ ಅಧಿಕಾರಿ) ಮಾತ್ರ ಹೊರಹಾಕಬಹುದು. ಬೀಗ ಬದಲಿಸುವುದು, ನೀರು ಕರೆಂಟು ಕಡಿಯುವುದು ಮಾಡಿದರೆ ಮಾಲೀಕರೇ ದಂಡ ತೆರಬೇಕಾಗುತ್ತದೆ.

ಸಮನ್ಸ್ ಬಂದರೆ ಮಾತ್ರ ಒಂದು ದಿನವೂ ಕಳೆಯಬೇಡಿ. 2025ರ ಜನವರಿಯಿಂದ ಉತ್ತರ ಸಲ್ಲಿಸಲು 10 ಕೆಲಸದ ದಿನಗಳಿವೆ. ಅದು ತಪ್ಪಿದರೆ ನಿಮ್ಮ ಮಾತು ಕೇಳದೆಯೇ ತೀರ್ಪಾಗುತ್ತದೆ. ಲೀಸ್, ಬಂದ ಎಲ್ಲ ನೋಟಿಸುಗಳು (ಅಂಚೆ ಮುದ್ರೆಯಿರುವ ಲಕೋಟೆ ಸಮೇತ), ಬಾಡಿಗೆ ಕಟ್ಟಿದ ದಾಖಲೆ ಹಿಡಿದು ಅದೇ ದಿನ ಕೋರ್ಟಿನ ಸ್ವಸಹಾಯ ಕೇಂದ್ರಕ್ಕೆ ಹೋಗಿ. ಆದಾಯ ಕಡಿಮೆ ಇದ್ದರೆ ಶುಲ್ಕ ಮನ್ನಾ ಅರ್ಜಿಯೂ ಅಲ್ಲೇ ಸಿಗುತ್ತದೆ.