ಪದ ಬೇಕು: ‘ಫಾಲ್ ಔಟ್‌ಲುಕ್’ (ನಾಳೆ ಬೆಳಗ್ಗೆ ಅಚ್ಚಿಗೆ)

ಎಲ್ಲರಿಗೂ ನಮಸ್ಕಾರ,

ಮಿಚಿಗನ್‌ನ ಗ್ರ್ಯಾಂಡ್ ರ್ಯಾಪಿಡ್ಸ್‌ನಿಂದ ಬರೆಯುತ್ತಿದ್ದೇನೆ. ಊರಿನಿಂದ ಮಕ್ಕಳ ಮನೆಗೆ ಬಂದಿರುವ ಅಪ್ಪ ಅಮ್ಮಂದಿರಿಗಾಗಿ ನಮ್ಮ ಕೂಟದಿಂದ ಒಂದು ಕರಪತ್ರ ಮಾಡುತ್ತಿದ್ದೇವೆ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಇಲ್ಲಿ ಹವೆ ಹೇಗಿರಬಹುದು, ದಪ್ಪ ಕೋಟು ಯಾವಾಗ ಬೇಕಾಗುತ್ತದೆ, ಇಷ್ಟೇ ವಿಷಯ. ಹೋದ ವರ್ಷ ನಮ್ಮತ್ತೆ ಅಕ್ಟೋಬರ್ ಬಿಸಿಲು ನೋಡಿ ಧೈರ್ಯ ಮಾಡಿಕೊಂಡಿದ್ದರು. ನವೆಂಬರ್‌ನಲ್ಲಿ ಹವಾಯಿ ಚಪ್ಪಲಿಯಲ್ಲೇ ಹೊರಗೆ ಕಾಲಿಟ್ಟು ಮೆಟ್ಟಿಲ ಮೇಲೆ ಜಾರಿ ಬಿದ್ದರು. ಹಾಗಾಗಿ ಈ ಕೆಲಸ ನನಗೆ ಮುಖ್ಯ.

‘ಫಾಲ್’ಗೆ ಶರತ್ಕಾಲ ಅನ್ನಲೇ? ‘ಔಟ್‌ಲುಕ್’ಗೆ ಮುನ್ಸೂಚನೆ ಸಾಕೇ? ‘ಲೇಕ್ ಎಫೆಕ್ಟ್ ಸ್ನೋ’ಗೆ, ‘ಗೇಲ್’ ಎಂಬ ಜೋರು ಗಾಳಿಗೆ ಏನು ಬರೆಯಲಿ? ದಯವಿಟ್ಟು ಇವತ್ತು ರಾತ್ರಿಯೊಳಗೆ ತಿಳಿಸಿ.

ಧಾರವಾಡದಿಂದ:

ತಂಗಿ, ಮುನ್ಸೂಚನೆ ಬೇಡ. ಅದು ಅರಿಸಮಾಸ, ಕನ್ನಡಕ್ಕೂ ಸಂಸ್ಕೃತಕ್ಕೂ ಹಾಕಿದ ಗಂಟು. ಹಳೆಯ ವ್ಯಾಕರಣಕಾರ ಕೇಶಿರಾಜನನ್ನು ಓದಿದವರ ಕಿವಿಗೆ ಚುಚ್ಚುತ್ತದೆ. ‘ಮುನ್ನೋಟ’ ಅನ್ನಿ, ‘ಮುನ್’, ‘ನೋಟ’ ಎರಡೂ ನಮ್ಮ ಮಾತೇ. ಶರತ್ಕಾಲವೂ ಬೇಡ, ‘ಎಲೆಯುದುರುಗಾಲ’ ಇದೆಯಲ್ಲ. ಲೇಕ್ ಅಂದರೆ ಕೆರೆ, ಹಾಗಾಗಿ ‘ಕೆರೆಹಿಮ’ ಎಂದರಾಯಿತು. ಇನ್ನೊಂದು ಮಾತು. ತಮಿಳರು ಕೆರೆಗೆ ‘ಏರಿ’ ಅನ್ನುತ್ತಾರೆ. ನಿಮ್ಮಲ್ಲಿ ‘ಈರಿ’ ಅಂತ ಒಂದು ಸರೋವರ ಇದೆ. ಇದು ಸುಮ್ನೆ ಆದ ಹೋಲಿಕೆ ಎಂದು ನನಗೆ ಅನ್ನಿಸುವುದಿಲ್ಲ. ಬಹಳ ವರ್ಷದಿಂದ ಹೇಳುತ್ತಾ ಬಂದಿದ್ದೇನೆ.

ಮೈಸೂರಿನಿಂದ:

ಬಹಳ ವರ್ಷ ಹೇಳಿದರೆ ತಪ್ಪು ಸರಿಯಾಗುವುದಿಲ್ಲ, ಸರ್. ಈರಿ ಅನ್ನುವುದು ಆ ದಡದಲ್ಲಿದ್ದ ಮೂಲನಿವಾಸಿ ಜನರ ಹೆಸರು. ಮಿಚಿಗನ್ ಕೂಡ ಓಜಿಬ್ವೆ ಎಂಬ ಮೂಲನಿವಾಸಿ ಮಾತಿನಿಂದ ಬಂದದ್ದು, ದೊಡ್ಡ ನೀರು ಅಂತ ಅರ್ಥ. ದ್ರಾವಿಡ ಮಾತಿಗೂ ಇವಕ್ಕೂ ಸಂಬಂಧ ಇಲ್ಲ.

ಕೆರೆಯೂ ಆಗುವುದಿಲ್ಲ. ಕೆರೆ ಅಂದರೆ ನಾವು ಕಟ್ಟಿದ್ದು. ಅದಕ್ಕೆ ಏರಿ ಬೇಕು, ತೂಬು ಬೇಕು, ಕೋಡಿ ಬೇಕು. ಸುಪೀರಿಯರ್ ಸರೋವರ ಒಂದೇ ಸುಮಾರು 82,000 ಚದರ ಕಿಲೋಮೀಟರ್ ಇದೆ. ಅಲ್ಲಿನ ಐದೂ ಮಹಾಸರೋವರ ಸೇರಿದರೆ ಇಡೀ ಕರ್ನಾಟಕಕ್ಕಿಂತ ದೊಡ್ಡವು. ಅದನ್ನು ಕೆರೆ ಅಂದರೆ ಓದುವ ಅಜ್ಜಿ ಊರಾಚೆಯ ಕೆರೆ ನೆನೆಸಿಕೊಳ್ಳುತ್ತಾರೆ, ಅಷ್ಟು ನೀರು ಊರಿನ ಹವೆಯನ್ನೇ ಬದಲಿಸುತ್ತದೆ ಎಂದು ನಂಬುವುದಿಲ್ಲ. ಸರೋವರ ಅಂತಲೇ ಬರೆಯಿರಿ.

ಶರತ್ಕಾಲವನ್ನೂ ಬಿಡಬೇಡಿ. ‘ಜೀವೇಮ ಶರದಃ ಶತಂ’ ಎಂದು ಕೇಳಿಕೊಂಡೇ ಬೆಳೆದವರು ನಾವು. ನವರಾತ್ರಿ ಶರದೃತುವಿನ ಹಬ್ಬ ಅಂತ ಎಲ್ಲರಿಗೂ ಗೊತ್ತು. ತಿಂಗಳುಗಳೂ ಹೆಚ್ಚುಕಡಿಮೆ ಹೊಂದುತ್ತವೆ.

ಶಿವಮೊಗ್ಗ ಕಡೆಯಿಂದ:

ಒಂದೇ ಎಚ್ಚರಿಕೆ. ಸ್ನೋಗೆ ‘ಮಂಜು’ ಅಂತ ಮಾತ್ರ ಬರೆಯಬೇಡಿ. ನಮ್ಮ ಕಡೆ ಮಂಜು ಅಂದರೆ ಬೆಳಗ್ಗೆ ಎದುರಿನ ಬಸ್ಸು ಕಾಣದ ಹಾಗೆ ಕವಿಯುವುದು. ಅದರಲ್ಲಿ ಯಾರೂ ಜಾರಿ ಬೀಳುವುದಿಲ್ಲ. ಹಿಮ ಅನ್ನಿ.

ಬಫಲೋದಿಂದ:

ಅಕ್ಕಾ, ನಾನು ಈರಿ ಸರೋವರದ ಈ ತುದಿಯಲ್ಲಿದ್ದೇನೆ. ನನ್ನ ಪ್ರಕಾರ ಮುನ್ಸೂಚನೆ ಬೇಡ, ಆದರೆ ಅರಿಸಮಾಸದ ಕಾರಣಕ್ಕೆ ಅಲ್ಲ. ಅರ್ಥವೇ ಬೇರೆ.

ಮುನ್ಸೂಚನೆ ಅಂದರೆ ‘ನಾಳೆ ಮಳೆ ಬರಲಿದೆ’ ಎಂಬ ಮಾತು. ಔಟ್‌ಲುಕ್ ಹಾಗೆ ಹೇಳುವುದೇ ಇಲ್ಲ. ಇಲ್ಲಿನ ಸರ್ಕಾರಿ ಕೇಂದ್ರ ಮೂರು ತಿಂಗಳ ನಕ್ಷೆ ಕೊಡುವಾಗ ಮೂರು ಗುಂಪು ಮಾಡುತ್ತದೆ: ವಾಡಿಕೆಗಿಂತ ಬೆಚ್ಚಗೆ, ವಾಡಿಕೆಯ ಹತ್ತಿರ, ವಾಡಿಕೆಗಿಂತ ತಣ್ಣಗೆ. ವಾಡಿಕೆ ಅಂದರೆ 1991ರಿಂದ 2020ರವರೆಗಿನ ಲೆಕ್ಕ. ಏನೂ ಸುಳಿವಿಲ್ಲದಿದ್ದರೆ ಒಂದೊಂದಕ್ಕೂ ಶೇಕಡ 33. ನಕ್ಷೆಯಲ್ಲಿ ‘ಬೆಚ್ಚಗೆ, ಶೇ. 45’ ಅಂತ ಕಂಡರೆ ಬೆಚ್ಚಗಿರುವ ಕಡೆಗೆ ತಕ್ಕಡಿ ಸ್ವಲ್ಪ ವಾಲಿದೆ ಅಂತ ಅರ್ಥ, ಅಷ್ಟೇ. ಉಳಿದ ಶೇ. 55 ಹಾಗೇ ಇದೆ ಅಲ್ವಾ? ಇದಕ್ಕೆ ‘ಮುನ್ನೋಟ’ ಸರಿಯಾಗಿ ಕೂರುತ್ತದೆ.

ನಕ್ಷೆಯಲ್ಲಿ ಬಿಳಿ ಬಿಟ್ಟ ಜಾಗಕ್ಕೆ ‘ಈಕ್ವಲ್ ಚಾನ್ಸಸ್’ ಅನ್ನುತ್ತಾರೆ. ಅದನ್ನು ‘ಸಾಮಾನ್ಯ’ ಅಂತ ಕನ್ನಡಕ್ಕೆ ತಂದರೆ ದೊಡ್ಡ ತಪ್ಪು. ‘ಯಾವುದೂ ಆಗಬಹುದು’ ಅಂತ ಬರೆಯಿರಿ.

ಲೇಕ್ ಎಫೆಕ್ಟ್ ವಿಷಯ. ಬೇಸಿಗೆಯೆಲ್ಲ ಕಾದ ಸರೋವರ ಬೇಗ ತಣಿಯುವುದಿಲ್ಲ. ನವೆಂಬರ್‌ನಲ್ಲಿ ಕೆನಡಾ ಕಡೆಯ ಕೊರೆಯುವ ಗಾಳಿ ಅದರ ಮೇಲೆ ಹಾದು ಬರುವಾಗ ಕಾವು, ತೇವ ಎರಡನ್ನೂ ಹೀರಿಕೊಂಡು ಆಚೆ ದಡದಲ್ಲಿ ಹಿಮ ಸುರಿಸುತ್ತದೆ. ಹಿಮ ಬೀಳುವ ಪಟ್ಟಿ ಕಿರಿದು. ಒಂದು ಬಡಾವಣೆ ಮುಚ್ಚಿಹೋಗಿರುತ್ತದೆ, ಕೆಲವು ಮೈಲಿ ಆಚೆ ಬಿಸಿಲು. 2022ರ ನವೆಂಬರ್‌ನಲ್ಲಿ ನಮ್ಮ ಪಕ್ಕದ ಆರ್ಚರ್ಡ್ ಪಾರ್ಕ್‌ನಲ್ಲಿ ನಾಲ್ಕೇ ದಿನದಲ್ಲಿ 80 ಇಂಚಿನಷ್ಟು ಬಿತ್ತು. ಆರೂವರೆ ಅಡಿಗೂ ಜಾಸ್ತಿ! ನಿಮ್ಮೂರು ಮಿಚಿಗನ್ ಸರೋವರದ ಪೂರ್ವಕ್ಕಿದೆ, ಅದಕ್ಕೇ ನಿಮಗೂ ಈ ಕಾಟ. ಪಶ್ಚಿಮ ದಡದ ಮಿಲ್ವಾಕಿಯವರಿಗೆ ಇಷ್ಟಿಲ್ಲ.

ಕೊನೆಗೆ ಒಂದು ಸಾಲು ಸೇರಿಸಲೇಬೇಕು. ಮುನ್ನೋಟದಲ್ಲಿ ‘ಬೆಚ್ಚಗೆ’ ಅಂತ ಇದ್ದರೆ ಹಿಮ ಬೀಳುವುದಿಲ್ಲ ಅಂತ ಅರ್ಥ ಅಲ್ಲ. ಸರೋವರ ಬೆಚ್ಚಗೆ ಉಳಿದಷ್ಟೂ, ಚಳಿಗಾಳಿ ಬಂದ ದಿನ ಹಿಮ ಜಾಸ್ತಿ ಸುರಿಯಬಹುದು. ನಿಮ್ಮತ್ತೆಯವರಂಥವರು ಮೋಸ ಹೋಗುವುದು ಇಲ್ಲೇ.

ಇನ್ನು ಗೇಲ್‌ಗೆ ಬಿರುಗಾಳಿ ಸಾಕು, ಸುಂಟರಗಾಳಿ ಅಲ್ಲ. 1975ರ ನವೆಂಬರ್ 10ರಂದು ಸುಪೀರಿಯರ್‌ನಲ್ಲಿ ಎಡ್ಮಂಡ್ ಫಿಟ್ಜೆರಾಲ್ಡ್ ಹಡಗು ಮುಳುಗಿ 29 ಜನ ಸತ್ತದ್ದು ಅಂಥ ಬಿರುಗಾಳಿಯ ದಿನವೇ.

ಬೆಂಗಳೂರಿನಿಂದ:

ಇಷ್ಟೆಲ್ಲ ಚರ್ಚೆ ಆಯಿತು. ‘ಹವಾಮಾನ’ದ ಬಗ್ಗೆ ಯಾರೂ ಕೇಳಲಿಲ್ಲ. ಹವಾ ಅರಬ್ಬಿ, ಮಾನ ಸಂಸ್ಕೃತ. ಮುನ್ಸೂಚನೆಯನ್ನು ಹೊರಗೆ ಹಾಕುವವರು ಇದನ್ನು ಒಳಗೆ ಬಿಟ್ಟಿದ್ದು ಹೇಗೆ? ತಲೆಬರಹ ‘ಗಾಳಿಮಳೆ ಮುನ್ನೋಟ’ ಆಗಲಿ.

ಧಾರವಾಡದಿಂದ:

ಹವಾ ನಮ್ಮ ರೈತರ ಬಾಯಲ್ಲಿದೆ. ‘ಹವಾ ಹೆಂಗೈತಿ’ ಅಂತ ಬೆಳಗಾದರೆ ಕೇಳುತ್ತಾರೆ. ಬಾಯಿಗೆ ಬಂದ ಮೇಲೆ ಅದು ನಮ್ಮದು.

ಮೈಸೂರಿನಿಂದ:

ಹಾಗಾದರೆ ಮುನ್ಸೂಚನೆಯೂ ಬಾಯಿಗೆ ಬಂದಿದೆ, ಸರ್. ದಿನಾ ರೇಡಿಯೋದಲ್ಲಿ ಕೇಳುತ್ತೇವೆ. ಅರಬ್ಬಿಗೊಂದು ನ್ಯಾಯ, ಸಂಸ್ಕೃತಕ್ಕೊಂದು ನ್ಯಾಯವೇ?

ಧಾರವಾಡದಿಂದ:

ಸಾಲ ಬೇರೆ, ಸಮಾಸ ಬೇರೆ. ಎರಡನ್ನೂ ಕಲಸಬೇಡಿ.

ಬೆಂಗಳೂರಿನಿಂದ:

‘ಹವಾಮಾನ’ವೂ ಸಮಾಸವೇ ಅಲ್ವಾ? ಇದಕ್ಕೆ ಯಾರಾದರೂ ಉತ್ತರ ಕೊಡಿ.

ಗ್ರ್ಯಾಂಡ್ ರ್ಯಾಪಿಡ್ಸ್‌ನಿಂದ:

ಎಲ್ಲರಿಗೂ ತುಂಬಾ ಧನ್ಯವಾದ. ಅಚ್ಚಿಗೆ ಕಳಿಸಿದ್ದು ಹೀಗೆ:

‘ಶರತ್ಕಾಲದ ಹವಾಮಾನ ಮುನ್ನೋಟ. ಎಲೆ ಉದುರುವ ಈ ಮೂರು ತಿಂಗಳು ವಾಡಿಕೆಗಿಂತ ಬೆಚ್ಚಗಿರುವ ಸಾಧ್ಯತೆ ಸ್ವಲ್ಪ ಹೆಚ್ಚು. ಆದರೂ ನವೆಂಬರ್‌ನಲ್ಲಿ ಸರೋವರದ ಕಡೆಯಿಂದ ಗಾಳಿ ಬೀಸಿದ ದಿನ ಒಮ್ಮೆಲೇ ಹಿಮ ಸುರಿಯಬಹುದು. ಇದಕ್ಕೆ ಸರೋವರದ ಹಿಮ ಎನ್ನುತ್ತಾರೆ. ಚಪ್ಪಲಿಯಲ್ಲಿ ಹೊರಗೆ ಹೋಗಬೇಡಿ.’

ಎಲೆಯುದುರುಗಾಲ ಅನ್ನುವ ಪದ ನನಗೂ ಇಷ್ಟ, ಸರ್. ಆದರೆ ನಮ್ಮತ್ತೆಗೆ ಓದಿ ಹೇಳಿದೆ, ಎರಡು ಸಲ ಕೇಳಿದರು. ಬಿಡಿಸಿ ‘ಎಲೆ ಉದುರುವ’ ಎಂದ ತಕ್ಷಣ ಗೊತ್ತಾಯಿತು. ಅದಕ್ಕೆ ಹಾಗೆ ಇಟ್ಟೆ.

ಧಾರವಾಡದಿಂದ:

ಬಿಡಿಸಿದ್ದೂ ಕನ್ನಡವೇ, ತಂಗಿ. ಅತ್ತೆಯವರ ಕಾಲು ಈಗ ಹೇಗಿದೆ?