ಅಪ್‌ಡೇಟ್: ಅಮ್ಮನ ಡಯಾಲಿಸಿಸ್ ಜಗಳ, ಮಡಿಕೇರಿಗೆ ಹೋಗಿ ಬಂದೆ

ಅಮ್ಮ ಡಯಾಲಿಸಿಸ್ ಬೇಡ ಅಂತಿದ್ದಾರೆ, ಅಣ್ಣ ಮಾಡಿಸಲೇಬೇಕು ಅಂತ ತಾನೇ ಸಹಿ ಹಾಕೋಕೆ ಹೊರಟಿದ್ದಾನೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ. ಉಚಿತವಾಗಿ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಂದ್ರಿ. ಕಾಫಿ ಕೊಯ್ಲಿನ ಮಧ್ಯೆಯೇ ಸೋಮವಾರಪೇಟೆಯಿಂದ ಮಡಿಕೇರಿ ಬಸ್ ಹತ್ತಿದೆ.

ತೋಟ ಇರೋರಿಗೆ ಉಚಿತ ವಕೀಲರು ಸಿಗಲ್ಲ ಅಂತ ಅಣ್ಣ ಹೆದರಿಸಿದ್ದ. ಸುಳ್ಳು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ನೋಡುವುದಿಲ್ಲ. ಹೋಗೋಕೆ ಆಗದವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಬಹುದು.

ವಕೀಲರು ಮೊದಲು ಕೇಳಿದ್ದೇ "ಅಮ್ಮನಿಗೆ ಪ್ರಜ್ಞೆ ಇದೆಯಾ, ಮಾತು ಸರಿ ಇದೆಯಾ" ಅಂತ. ಸರಿ ಇದೆ ಅನ್ನೋದೇನು, ನಿನ್ನೆ ಆಳುಗಳ ಕೂಲಿ ಲೆಕ್ಕದಲ್ಲಿ ನನ್ನನ್ನೇ ತಿದ್ದಿದ್ದಾರೆ! ಹಾಗಾದ್ರೆ ಅಣ್ಣನದೂ ನಡೆಯಲ್ಲ, ನಿಮ್ಮದೂ ನಡೆಯಲ್ಲ, ತೀರ್ಮಾನ ಅವರದ್ದೇ ಅಂದ್ರು. ತುರ್ತು ಸ್ಥಿತಿ ಬಿಟ್ಟರೆ, ಪ್ರಜ್ಞೆ ಇರುವ ವಯಸ್ಕರ ಬದಲು ಮನೆಯವರ ಸಹಿ ಸಾಲದು ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆಯಂತೆ.

ಮುಂದೆ ಮಾತಾಡೋಕೆ ಆಗದ ದಿನ ಬಂದರೆ? ಅದಕ್ಕೆ, ಯಾವ ಚಿಕಿತ್ಸೆ ಬೇಡ ಅಂತ ಮುಂಚೆಯೇ ಬರೆದಿಡುವ ಲಿವಿಂಗ್ ವಿಲ್ ಇದೆ. 2023ರಿಂದ ಅದು ಸುಲಭವಾಗಿದೆ: ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಮೊದಲು ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬೇಕಿತ್ತು.

ಆಸ್ಪತ್ರೆಯವರು ಅಮ್ಮನ ಚಿಕಿತ್ಸೆಯ ದಾಖಲೆ ಕೊಡದೆ ಸತಾಯಿಸುತ್ತಿದ್ದರು. ಲಿಖಿತ ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ, 72 ಗಂಟೆಯೊಳಗೆ ಕೊಡಬೇಕು ಅಂದ್ರು. ಸೀಲ್ ಬಿದ್ದ ಅರ್ಜಿ ಕಾಪಿ ಈಗ ಕೈಲಿದೆ. ಅಣ್ಣ ಇನ್ನೂ ಮಾತು ಬಿಟ್ಟಿದ್ದಾನೆ. ಅಮ್ಮ ಮಾತ್ರ ನೋಟರಿ ಯಾವತ್ತು ಸಿಗ್ತಾರೆ ಅಂತ ದಿನಾ ಕೇಳ್ತಿದ್ದಾರೆ.